ವಯಸ್ಸಾದ್ಮೇಲೆ ಕಣ್ಣು ಚೆನ್ನಾಗಿರ್ಬೇಕು ಅಂದ್ರೆ ಏನ್ ತಿನ್ಬೇಕು? ಬಸ್ಸಾರಿನ ಪಲ್ಯದಿಂದ ಶುರು ಮಾಡಿ

"ಅಪ್ಪನಿಗೆ 62 ಆಯ್ತು, ಕಣ್ಣು ಮಂಜು ಅಂತಾರೆ, ದಿನಾ ಕ್ಯಾರೆಟ್ ಜ್ಯೂಸ್ ಕೊಡ್ಲಾ?" ಈ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆ ಅಂದ್ರೆ ಲೆಕ್ಕ ಇಡೋದು ಬಿಟ್ಟಿದೀನಿ. ಒಬ್ಬೊಬ್ರಿಗೆ ಉತ್ತರ ಬರೆದು ಬರೆದು ಸಾಕಾಯ್ತು, ಅದಕ್ಕೆ ಎಲ್ಲಾ ಒಂದೇ ಕಡೆ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಅಡುಗೆ ಆಹಾರದ ಬಗ್ಗೆ ಬರೆಯೋಳು, ಹಾಗಾಗಿ ಮಾತ್ರೆ ಬದಲಾಯ್ಸೋ ವಿಷಯ ಬಂದಾಗೆಲ್ಲಾ ನಿಮ್ಮ ಡಾಕ್ಟರ್ ಹತ್ರ ಕೇಳಿ ಅಂತಲೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಕ್ಯಾರೆಟ್ ವಿಷಯ ಮೊದಲೇ ಹೇಳ್ಬಿಡ್ತೀನಿ. ಕ್ಯಾರೆಟ್ ಕೆಟ್ಟದ್ದಲ್ಲ, ಅದರಲ್ಲಿರೋ ಬೀಟಾ ಕೆರೊಟಿನ್ ನಮ್ಮ ಮೈಯಲ್ಲಿ ವಿಟಮಿನ್ ಎ ಆಗುತ್ತೆ, ಅದು ಕಮ್ಮಿ ಆದ್ರೆ ಇರುಳುಗುರುಡು ಬರುತ್ತೆ, ಇದೆಲ್ಲಾ ನಿಜ. ಆದ್ರೆ ಮೈಸೂರು ಮಂಡ್ಯ ಕಡೆ ಎರಡು ಹೊತ್ತು ನೆಟ್ಟಗೆ ಊಟ ಮಾಡೋ 60 ವರ್ಷದವರಿಗೆ ಕಣ್ಣಿನ ತೊಂದ್ರೆ ಬರೋದು ಹೆಚ್ಚಾಗಿ ವಿಟಮಿನ್ ಎ ಇಲ್ಲ ಅಂತಲ್ಲ. ಶುಗರ್ ಇಂದ ಬರುತ್ತೆ, ಬೀಪಿಯಿಂದ ಬರುತ್ತೆ, ಬೀಡಿ ಸಿಗರೇಟಿಂದ ಬರುತ್ತೆ, ವಯಸ್ಸಿಂದ ಬರುತ್ತೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ತಟ್ಟೆಗೆ ಏನು ಹಾಕ್ಕೋಬೇಕು ಅನ್ನೋದು ಎಷ್ಟು ಮುಖ್ಯಾನೋ ತಟ್ಟೆಯಿಂದ ಏನು ತೆಗೀಬೇಕು ಅನ್ನೋದೂ ಅಷ್ಟೇ ಮುಖ್ಯ.

ಶುರು ಮಾಡೋಕೆ ಮುಂಚೆ ಕೈಲಿ ಇಟ್ಕೋಬೇಕಾದ್ದು: ಕೊನೇ ಸಲ ಕಣ್ಣು ತೋರ್ಸಿದ ಚೀಟಿ, ಶುಗರ್ ಬೀಪಿ ರಿಪೋರ್ಟು, ದಿನಾ ನುಂಗೋ ಮಾತ್ರೆಗಳ ಪಟ್ಟಿ, ಮನೇಲಿರೋ ಒಂದು ಟೀ ಚಮಚ. ಅಷ್ಟೇ. ದುಡ್ಡು ಕೊಟ್ಟು ಹೊಸದಾಗಿ ತರೋದು ಏನೂ ಇಲ್ಲ, ಸೊಪ್ಪು ಬಿಟ್ರೆ.

ಹಂತ 1: ಕಣ್ಣಿಗೆ ಏನಾಗಿದೆ ಅಂತ ಮೊದಲು ತಿಳ್ಕೊಳಿ

ಇದನ್ನ ಬಿಟ್ಟು ನೇರವಾಗಿ ಸೊಪ್ಪಿಗೆ ಹೋಗೋರೇ ಜಾಸ್ತಿ. "ಕಣ್ಣು ಮಂಜು" ಅನ್ನೋ ಒಂದೇ ಮಾತಲ್ಲಿ ಐದು ಬೇರೆ ಬೇರೆ ಕಾಯಿಲೆ ಇರಬಹುದು, ಊಟದಿಂದ ಆಗೋ ಸಹಾಯ ಒಂದೊಂದಕ್ಕೆ ಒಂದೊಂದು ಥರ.

ಚಾಳೀಸು: 40 ದಾಟಿದ ಮೇಲೆ ಪೇಪರ್ ದೂರ ಹಿಡಿದು ಓದೋದು, ಸೂಜಿಗೆ ದಾರ ಪೋಣಿಸೋಕೆ ಆಗದೇ ಇರೋದು. ಕಣ್ಣೊಳಗಿನ ಲೆನ್ಸು ವಯಸ್ಸಿಗೆ ಗಟ್ಟಿಯಾಗಿ ಹತ್ತಿರದ್ದಕ್ಕೆ ಹೊಂದ್ಕೊಳೋದು ಬಿಡುತ್ತೆ, ಅದಕ್ಕೆ. ಯಾವ ಸೊಪ್ಪು ತಿಂದ್ರೂ ಇದು ಹೋಗಲ್ಲ, ಕನ್ನಡಕ ಹಾಕ್ಕೊಳಿ ಅಷ್ಟೇ. "ಕನ್ನಡಕ ಬಿಡಿಸೋ ಪುಡಿ" ಅಂತ ಯಾರಾದ್ರೂ ಮಾರೋಕೆ ಬಂದ್ರೆ ಟೀ ಕೊಟ್ಟು ಕಳಿಸಿ.

ಪೊರೆ: ಅದೇ ಲೆನ್ಸು ಬೆಳ್ಳಗೆ ಮಬ್ಬಾಗೋದು. ಬಂದ್ಮೇಲೆ ಆಪರೇಷನ್ನೇ, ಊಟದಿಂದಾಗ್ಲಿ ಡ್ರಾಪ್ಸಿಂದಾಗ್ಲಿ ಕರಗಲ್ಲ. ಹಳಬರು ಡಾಕ್ಟರ್ ಎಂ.ಸಿ. ಮೋದಿಯವರ ಕ್ಯಾಂಪು ಅಂತ ಈಗ್ಲೂ ನೆನಪಿಸ್ಕೊಳ್ತಾರಲ್ಲ, ಅಲ್ಲಿ ಸಾಲಾಗಿ ಮಲಗ್ಸಿ ಮಾಡ್ತಿದ್ದಿದ್ದು ಇದೇ ಆಪರೇಷನ್ನು. ಶುಗರ್, ಬೀಡಿ ಸಿಗರೇಟು, ಬಿಸಿಲು, ಮತ್ತೆ ಸ್ಟಿರಾಯ್ಡ್ ಮಾತ್ರೆ ಬಹಳ ದಿನ ತಗೊಳೋದು ಇವೆಲ್ಲಾ ಪೊರೇನ ಬೇಗ ಕರ್ಕೊಂಡು ಬರುತ್ತೆ.

ಮ್ಯಾಕುಲಾ ಸವೆತ: ಕಣ್ಣಿನ ಹಿಂದಿನ ಪರದೆಗೆ ರೆಟಿನಾ ಅಂತಾರೆ, ಅದರ ಮಧ್ಯದಲ್ಲಿರೋ ಸಣ್ಣ ಜಾಗ ಮ್ಯಾಕುಲಾ, ಮುಖ ಗುರುತು ಹಿಡಿಯೋದು, ಅಕ್ಷರ ಓದೋದು ಎಲ್ಲಾ ಅದರಿಂದ್ಲೇ. ವಯಸ್ಸಾದ್ಮೇಲೆ ಅದು ಸವೆಯುತ್ತೆ. ಸೊಪ್ಪಿನ ಮಾತು ನಿಜವಾಗಿ ಬರೋದು ಇಲ್ಲೇ.

ಶುಗರ್‌ ಇಂದ ರೆಟಿನಾ ಹಾಳಾಗೋದು: ಡಯಾಬಿಟಿಕ್ ರೆಟಿನೋಪತಿ ಅಂತಾರೆ. ರೆಟಿನಾದ ಸಣ್ಣ ರಕ್ತನಾಳಗಳು ಸೋರೋಕೆ ಶುರು ಆಗುತ್ತೆ, ಮೊದಮೊದಲು ನೋವಿಲ್ಲ, ಮಂಜಿಲ್ಲ, ಏನೂ ಗೊತ್ತಾಗಲ್ಲ. ಊಟದ ಪಾತ್ರ ಇಲ್ಲಿ ತುಂಬಾ ದೊಡ್ಡದು.

ಗ್ಲಾಕೋಮಾ: ಕಣ್ಣಿನಿಂದ ಮೆದುಳಿಗೆ ಹೋಗೋ ನರ ನಿಧಾನಕ್ಕೆ ಹಾಳಾಗೋದು, ಹೆಚ್ಚಿನ ಸಲ ಕಣ್ಣೊಳಗಿನ ಒತ್ತಡದಿಂದ. ಇದಕ್ಕೆ ದಿನಾ ಹಾಕೋ ಡ್ರಾಪ್ಸೇ ಮುಖ್ಯ. "ಸೊಪ್ಪು ತಿಂತಿದೀನಲ್ಲಾ" ಅಂತ ಡ್ರಾಪ್ಸ್ ನಿಲ್ಸಿದ್ರೆ ಹೋದ ದೃಷ್ಟಿ ವಾಪಸ್ ಬರಲ್ಲ.

ಮೈಸೂರಲ್ಲಿ ಕೆ.ಆರ್. ಆಸ್ಪತ್ರೇಲಿ, ಮಂಡ್ಯದಲ್ಲಿ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಕಣ್ಣಿನ ವಿಭಾಗ ಇದೆ, ನಿಮ್ಮ ತಾಲ್ಲೂಕು ಕಡೆ ಬೇರೆ ಅನುಕೂಲ ಇದ್ರೆ ಅಲ್ಲಾದ್ರೂ ಸರಿ. ಒಂದು ಸಲ ಪೂರ್ತಿ ಪರೀಕ್ಷೆ ಮಾಡಿಸ್ಕೊಂಡು ಬಂದು ಮುಂದಿನ ಹಂತ ಓದಿ.

ಹಂತ 2: ದಿನಕ್ಕೆ ಒಂದು ಹೊತ್ತು ಸೊಪ್ಪು, ಅದೂ ಸರಿಯಾಗಿ

ಮ್ಯಾಕುಲಾದಲ್ಲಿ ಹಳದಿ ಬಣ್ಣದ ಎರಡು ವಸ್ತು ಇರುತ್ತೆ, ಲ್ಯೂಟಿನ್ ಮತ್ತೆ ಜಿಯಾಕ್ಸಾಂಥಿನ್. ಹೆಸರು ಕೇಳಿ ಹೆದರ್ಬೇಡಿ, ಒಂಥರಾ ಒಳಗಡೆಯಿಂದ ಹಾಕ್ಕೊಂಡಿರೋ ಕೂಲಿಂಗ್ ಗ್ಲಾಸ್ ಅಂದ್ಕೊಳಿ, ಚುರುಕಾದ ನೀಲಿ ಬೆಳಕನ್ನ ತಡೀತವೆ. ಇವೆರಡನ್ನ ನಮ್ಮ ಮೈ ತಯಾರು ಮಾಡ್ಕೊಳಲ್ಲ, ಊಟದಿಂದ್ಲೇ ಬರಬೇಕು, ಮತ್ತೆ ಅದು ಜಾಸ್ತಿ ಇರೋದು ಕ್ಯಾರೆಟ್ಟಲ್ಲಿ ಅಲ್ಲ, ಕಡು ಹಸಿರು ಸೊಪ್ಪಲ್ಲಿ. ಪಾಲಕ್ಕಲ್ಲಿ 100 ಗ್ರಾಂಗೆ ಸುಮಾರು 12 ಮಿಲಿಗ್ರಾಂ ಇರುತ್ತೆ. ಅಂಗಡೀಲಿ ಸಿಗೋ ಕಣ್ಣಿನ ಕ್ಯಾಪ್ಸೂಲಲ್ಲಿ ಸಾಮಾನ್ಯವಾಗಿ 10 ಮಿಲಿಗ್ರಾಂ. ಲೆಕ್ಕ ನೀವೇ ಹಾಕ್ಕೊಳಿ.

ಪಾಲಕ್ಕೇ ಆಗ್ಬೇಕು ಅಂತಿಲ್ಲ. ದಂಟಿನ ಸೊಪ್ಪು, ಹರಿವೆ, ನುಗ್ಗೆ ಸೊಪ್ಪು, ಮೆಂತ್ಯ, ಚಕ್ಕೋತ, ಬಸಳೆ, ಸಬ್ಬಸಿಗೆ, ಹೊನಗೊನೆ ಎಲ್ಲಾ ಆಗುತ್ತೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ, ಅದೇ ಚೆಲುವಾಂಬ ಬಂಗಲೇಲಿ 1950ರಿಂದ ಇರೋ ಆಹಾರ ಸಂಶೋಧನಾ ಸಂಸ್ಥೆ, ಅಲ್ಲಿನ ವಿಜ್ಞಾನಿಗಳು ನಮ್ಮ ಸೊಪ್ಪುಗಳನ್ನೇ ತಗೊಂಡು ಈ ಬಣ್ಣದ ವಸ್ತುಗಳು ಎಷ್ಟೆಷ್ಟಿವೆ ಅಂತ ಅಳೆದಿದ್ದಾರೆ. ಹಾಗಾಗಿ ವಿದೇಶದ ಕೇಲ್ ಹುಡುಕ್ಕೊಂಡು ಸೂಪರ್ ಮಾರ್ಕೆಟ್‌ಗೆ ಹೋಗೋ ಅವಶ್ಯಕತೆ ಇಲ್ಲ, ದೇವರಾಜ ಮಾರುಕಟ್ಟೆ ಸಾಕು, ಬೀದೀಲಿ ತಳ್ಳುಗಾಡಿ ಬಂದ್ರೆ ಇನ್ನೂ ಸಲೀಸು.

ಎಷ್ಟು? ದೊಡ್ಡವರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಅಂತ ನಮ್ಮ ದೇಶದ ಪೋಷಣಾ ಸಂಸ್ಥೆಯವರ ಲೆಕ್ಕ. ತಕ್ಕಡಿ ಬೇಡ, ಬೇಯ್ಸಿದ ಮೇಲೆ ಒಂದು ಸಣ್ಣ ಬಟ್ಟಲು ಬಂದ್ರೆ ಸರಿ ಹೋಯ್ತು.

ಈಗ ಬಸ್ಸಾರು. ನಾನು ಇಡೀ ಲೇಖನ ಬರೆಯೋಕೆ ಕಾರಣಾನೇ ಇದು. ಮಂಡ್ಯ ಕಡೆ ಮನೇಲಿ ಸೊಪ್ಪು ಕಾಳು ಒಟ್ಟಿಗೆ ಬೇಯ್ಸಿ, ಕಟ್ಟು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡ್ತಾರೆ, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ. ಎಷ್ಟು ಬುದ್ಧಿವಂತಿಕೆಯ ಅಡುಗೆ ಅಂದ್ರೆ ನೀರಲ್ಲಿ ಕರಗೋ ವಿಟಮಿನ್ ಸಿ, ಫೋಲೇಟ್ ಥರದ್ದೆಲ್ಲಾ ಬಿಸಿಗೆ ಸ್ವಲ್ಪ ಹೋದ್ರೂ ಉಳಿದದ್ದು ಕಟ್ಟಿಗೆ ಇಳಿಯುತ್ತೆ, ಅದು ಚರಂಡಿಗೆ ಹೋಗಲ್ಲ, ಸಾರಾಗಿ ಹೊಟ್ಟೆಗೇ ಬರುತ್ತೆ. ಆದ್ರೆ ಲ್ಯೂಟಿನ್ ನೀರಲ್ಲಿ ಕರಗಲ್ಲ. ಅದು ಸೊಪ್ಪಲ್ಲೇ ಉಳಿಯುತ್ತೆ, ಅಂದ್ರೆ ಪಲ್ಯದಲ್ಲಿ. ನಮ್ಮ ಮನೆ ಗಂಡಸರು ಮಾಡೋದೇನು? ಎರಡು ಮುದ್ದೆ ಇಟ್ಕೊಂಡು ಸಾರು ಸುರೀಸ್ಕೊಂಡು ಹೊಡೀತಾರೆ, ಪಲ್ಯ ತಟ್ಟೆ ಅಂಚಲ್ಲಿ ಉಪ್ಪಿನಕಾಯಿ ಥರ ಒಂಚೂರು. ಕಣ್ಣಿಗೆ ಬೇಕಾದ್ದು ಅಲ್ಲೇ ಅಂಚಲ್ಲಿ ಉಳ್ಕೊಳ್ತು. ಹಾಗಾಗಿ ನಿಯಮ ಒಂದೇ, ಮುದ್ದೆಯಷ್ಟೇ ಗಾತ್ರದ ಪಲ್ಯ ತಟ್ಟೇಲಿ ಇರಬೇಕು, ಮೊದಲು ಅದು ಖಾಲಿ ಆಗಬೇಕು, ಆಮೇಲೆ ಮುದ್ದೆ ಮುರೀರಿ.

ಹಲ್ಲಿಲ್ಲದ ಅಜ್ಜಿ ತಾತಂದಿರಿಗೆ ಮಸ್ಸೊಪ್ಪು ಇನ್ನೂ ವಾಸಿ. ಬೇಯ್ಸಿ ನುಣ್ಣಗೆ ಮಸೆಯೋದ್ರಿಂದ ಸೊಪ್ಪಿನ ಒಳಗಿಂದ ಈ ವಸ್ತುಗಳು ಚೆನ್ನಾಗಿ ಬಿಡುಗಡೆ ಆಗ್ತವೆ, ಮತ್ತೆ ಸಾರು ಬೇರೆ ಪಲ್ಯ ಬೇರೆ ಅನ್ನೋ ಜಗಳಾನೇ ಇಲ್ಲ. ಹಸಿ ಸೊಪ್ಪಿನ ಜ್ಯೂಸ್ ಕುಡೀಬೇಕು ಅಂತ ಹೇಳೋರು ಇದಾರೆ, ಬೇಕಾಗಿಲ್ಲ, ಹದವಾಗಿ ಬೇಯ್ಸಿದ ಸೊಪ್ಪಿಂದ್ಲೂ ಇದು ಸಿಗುತ್ತೆ. ಆದ್ರೆ ಅರ್ಧ ಗಂಟೆ ಕುದಿಸಿ ಕಪ್ಪು ಮಾಡ್ಬೇಡಿ. ಸೋಡಾ ಹಾಕಬೇಡಿ, ಹಸಿರು ಉಳಿಯುತ್ತೆ ಆದ್ರೆ ವಿಟಮಿನ್ ಹೋಗುತ್ತೆ. ನುಗ್ಗೆ ಸೊಪ್ಪು ಒಣಗಿಸಿ ಇಟ್ಕೊಳೋರು ನೆರಳಲ್ಲಿ ಒಣಗ್ಸಿ, ಬಿಸಿಲಿಗೆ ಹಾಕಿದ್ರೆ ಕೆರೊಟಿನ್ ಹಾಳಾಗುತ್ತೆ.

ಎಡವೋ ಜಾಗಗಳು ಮೂರಿವೆ, ಗಮನ ಇಟ್ಟು ಓದಿ.

ರಕ್ತ ತೆಳು ಮಾಡೋ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ತಗೊಳೋರು, ಹಾರ್ಟಿಗೆ ವಾಲ್ವ್ ಹಾಕಿಸ್ಕೊಂಡೋರಿಗೆ ಇದನ್ನ ಕೊಟ್ಟಿರ್ತಾರೆ, ಸೊಪ್ಪನ್ನ ಇದ್ದಕ್ಕಿದ್ದ ಹಾಗೆ ಜಾಸ್ತಿ ಮಾಡಬಾರದು. ಸೊಪ್ಪಲ್ಲಿರೋ ವಿಟಮಿನ್ ಕೆ ಆ ಮಾತ್ರೆಯ ಕೆಲಸ ಕಮ್ಮಿ ಮಾಡುತ್ತೆ. ತಿನ್ನಲೇಬಾರದು ಅಂತಲ್ಲ, ಪ್ರತಿ ವಾರ ಒಂದೇ ಅಳತೇಲಿ ಇರಲಿ, ಬದಲಾಯ್ಸೋ ಮುಂಚೆ ಡಾಕ್ಟರ್‌ಗೆ ಹೇಳಿ.

ಕಿಡ್ನಿ ತೊಂದ್ರೆ ಇರೋರಿಗೆ ಸೊಪ್ಪಿನ ಪೊಟ್ಯಾಸಿಯಂ ಸಮಸ್ಯೆ, ಕಿಡ್ನಿ ಕಲ್ಲು ಇರೋರಿಗೆ ಪಾಲಕ್, ದಂಟಲ್ಲಿರೋ, ಕಲ್ಲು ಕಟ್ಟೋಕೆ ಕಾರಣ ಆಗೋ ಆಕ್ಸಲೇಟ್ ಅನ್ನೋ ವಸ್ತು ಸಮಸ್ಯೆ. ಇವರು ಈ ಲೇಖನ ನೋಡ್ಕೊಂಡು ಸೊಪ್ಪು ಶುರು ಮಾಡಬೇಡಿ, ನಿಮ್ಮ ಡಾಕ್ಟರ್ ಕೊಟ್ಟ ಪಥ್ಯದ ಚೀಟೀನೇ ನಿಮಗೆ ದೊಡ್ಡದು.

ಮೂರನೇದು ಬೆರಕೆ ಸೊಪ್ಪು. ಗಣಿಕೆ, ಅಣ್ಣೆ, ಹೊನಗೊನೆ ಎಲ್ಲಾ ಹೊಲದ ಬದೂಲಿ ಕಿತ್ಕೊಂಡು ಬಂದು ಮಾಡೋ ಸಾರಿನ ರುಚಿಗೆ ಸಾಟಿ ಇಲ್ಲ, ಒಪ್ತೀನಿ. ಆದ್ರೆ ಈಗ ಕಬ್ಬಿನ ಗದ್ದೇಲಿ ಕಳೆನಾಶಕ ಹೊಡೀತಾರೆ, ಊರ ಚರಂಡಿ ಪಕ್ಕ ಬೆಳೆದಿರೋದನ್ನೂ ಕೀಳ್ತಾರೆ. ಎಲ್ಲಿ ಕಿತ್ತಿದ್ದು ಅಂತ ಗೊತ್ತಿದ್ರೆ, ಸೊಪ್ಪಿನ ಗುರುತು ಗೊತ್ತಿರೋರು ಕಿತ್ತಿದ್ರೆ ಮಾತ್ರ ತಿನ್ನಿ.

ಹಂತ 3: ಒಗ್ಗರಣೆ ಬಿಡ್ಬೇಡಿ

ಹಾರ್ಟಿಗೆ ಒಳ್ಳೇದಲ್ಲ ಅಂತ ಎಣ್ಣೆ ಪೂರ್ತಿ ಬಿಟ್ಟು ಬರೀ ಬೇಯ್ಸಿದ ಸೊಪ್ಪು ತಿನ್ನೋರು ಇದಾರೆ. ಲ್ಯೂಟಿನ್, ಬೀಟಾ ಕೆರೊಟಿನ್ ಎರಡೂ ಕೊಬ್ಬಲ್ಲಿ ಕರಗೋವು, ಊಟದಲ್ಲಿ ಒಂಚೂರೂ ಎಣ್ಣೆ ಇಲ್ಲ ಅಂದ್ರೆ ಬಂದ ದಾರೀಲೇ ಹೋಗ್ತವೆ. ಒಬ್ರಿಗೆ ಒಂದು ಟೀ ಚಮಚ ಎಣ್ಣೆ ಸಾಕು, ಸುಮಾರು 5 ಗ್ರಾಂ. ಮೊದಲೇ ಚಮಚ ಇಟ್ಕೊಳಿ ಅಂದಿದ್ದು ಇದಕ್ಕೇ, ಎಣ್ಣೆ ಕ್ಯಾನಿಂದ ನೇರ ಬಗ್ಸಿದ್ರೆ ಅಳತೆ ಸಿಗಲ್ಲ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಯಾವುದಾದ್ರೂ ಆಗುತ್ತೆ, ಪಲ್ಯಕ್ಕೆ ಕಾಯಿತುರಿ ಹಾಕಿದ್ರೆ ಅದೂ ಕೊಬ್ಬೇ, ಲೆಕ್ಕಕ್ಕೆ ಸೇರಿಸ್ಕೊಳಿ. ಉಪ್ಸಾರಿನ ದಿನ ಪಲ್ಯಕ್ಕೆ ಒಗ್ಗರಣೆ ಹಾಕಲ್ಲ ಅನ್ನೋ ಮನೆಯವರು ಮುದ್ದೆ ಮೇಲೆ ಅರ್ಧ ಚಮಚ ತುಪ್ಪ ಹಾಕ್ಕೊಳಿ, ಯಾರೂ ಬೈಯಲ್ಲ.

ಹಂತ 4: ಹಳದಿ, ಕೇಸರಿ, ಹುಳಿ

ಇದು ಸುಲಭದ ಹಂತ. ಸಿಹಿಗುಂಬಳ, ಕ್ಯಾರೆಟ್, ಪರಂಗಿ ಹಣ್ಣು, ಸೀಸನ್ನಲ್ಲಿ ಮಾವು, ಇವು ವಿಟಮಿನ್ ಎ ಕಡೆಯವು. ಮುಸುಕಿನ ಜೋಳದ ಹಳದೀಲಿ ಲ್ಯೂಟಿನ್, ಜಿಯಾಕ್ಸಾಂಥಿನ್ ಎರಡೂ ಇದೆ, ಸುಟ್ಟ ಜೋಳ ತಿನ್ನೋಕೆ ನೆಪ ಸಿಕ್ತು ನೋಡಿ, ಉಪ್ಪು ಮಾತ್ರ ಕಮ್ಮಿ ಸವರಿ ಅನ್ನಿ. ವಿಟಮಿನ್ ಸಿ ಗೆ ನೆಲ್ಲಿಕಾಯಿ, ಸೀಬೆ, ನಿಂಬೆ. ಸೀಬೇಲಿ 100 ಗ್ರಾಂಗೆ 200 ಮಿಲಿಗ್ರಾಂ ಮೇಲೆ ವಿಟಮಿನ್ ಸಿ, ಕಿತ್ತಳೇಲಿ ಸುಮಾರು 50, ಬೆಲೆ ನೋಡಿದ್ರೆ ಉಲ್ಟಾ. ಬೆಂದ ಪಲ್ಯ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ, ಕುದಿಯುವಾಗ ಹಿಂಡಿದ್ರೆ ವಿಟಮಿನ್ ಸಿ ಬಿಸಿಗೆ ಹೋಗುತ್ತೆ.

ನಂಜನಗೂಡು ರಸಬಾಳೆ ಬಗ್ಗೆ ಒಬ್ರು ಕೇಳಿದ್ರು. ರುಚಿಗೆ ತಿನ್ನಿ, ಕಣ್ಣಿಗೆ ಅಂತ ಅದರಲ್ಲಿ ವಿಶೇಷ ಏನಿಲ್ಲ.

ಶುಗರ್ ಇರೋರು ಹಣ್ಣನ್ನ ಜ್ಯೂಸ್ ಮಾಡಬೇಡಿ. ಅರ್ಧ ಸೀಬೆ ಕಚ್ಚಿ ತಿನ್ನೋದು ಬೇರೆ, ನಾಲ್ಕು ಕ್ಯಾರೆಟ್ ಎರಡು ಸೇಬು ಹಿಂಡಿ ನಾರು ಎಸೆದು ಲೋಟ ಎತ್ತೋದು ಬೇರೆ.

ಹಂತ 5: ಮೊಟ್ಟೆ, ಮೀನು, ಮೊಳಕೆ ಕಾಳು

ಮೊಟ್ಟೆಯ ಹಳದೀಲಿ ಲ್ಯೂಟಿನ್ ಇರೋದು ಸ್ವಲ್ಪವೇ, ಆದ್ರೆ ಪಕ್ಕದಲ್ಲೇ ಕೊಬ್ಬು ಇರೋದ್ರಿಂದ ಮೈಗೆ ಚೆನ್ನಾಗಿ ಹತ್ತುತ್ತೆ. ಬಿಳಿ ಮಾತ್ರ ತಿಂದು ಹಳದಿ ಮೊಮ್ಮಗನಿಗೆ ಕೊಡೋ ತಾತಂದಿರೇ, ಕಣ್ಣಿನ ಭಾಗ ಹೋಗಿದ್ದು ಮೊಮ್ಮಗನಿಗೆ. ಡಾಕ್ಟರ್ ಬೇಡ ಅಂದಿಲ್ಲ ಅಂದ್ರೆ ದಿನಕ್ಕೊಂದು ಇಡೀ ಮೊಟ್ಟೆ ಹೆಚ್ಚಿನವರಿಗೆ ತೊಂದ್ರೆ ಇಲ್ಲ.

ಮೀನು ವಾರಕ್ಕೆ ಎರಡು ಸಲ. ಕೊಬ್ಬಿನ ಮೀನಲ್ಲಿ ಒಮೆಗಾ 3 ಅನ್ನೋ ಒಳ್ಳೇ ಕೊಬ್ಬು ಇರುತ್ತೆ, ರೆಟಿನಾದ ಜೀವಕೋಶಗಳಲ್ಲಿ ಅದು ತುಂಬಾ ಇದೆ. ಸಮುದ್ರದ ಬಂಗುಡೆ, ಬೂತಾಯಿ ಇದಕ್ಕೆ ಒಳ್ಳೇವು, ಮಂಗಳೂರು ಕಡೆಯಿಂದ ಮೈಸೂರಿಗೆ ಬರ್ತವೆ, ರೇಟೂ ಅಂಜಲ್ ಥರ ಅಲ್ಲ. ಕೆರೆ ಮೀನಲ್ಲಿ ಒಮೆಗಾ ಅಷ್ಟಿಲ್ಲ ಆದ್ರೂ ತಿನ್ನಿ, ಫ್ರೈ ಬದಲು ಸಾರು ಮಾಡಿ. ಸಸ್ಯಾಹಾರಿಗಳಿಗೆ ಅಗಸೆ ಬೀಜದ ಪುಡಿ ಇದೆ, ದಿನಕ್ಕೆ ಒಂದು ಚಮಚ, ಹುರಿದು ಪುಡಿ ಮಾಡಿ, ಇಡಿಯಾಗಿ ನುಂಗಿದ್ರೆ ಹಾಗೇ ಆಚೆ ಬರುತ್ತೆ.

ಕಾಳಿನ ವಿಷಯಕ್ಕೆ ಬಂದ್ರೆ ಸತು ಅನ್ನೋ ಖನಿಜ ಬೇಕು, ಜಿಂಕ್ ಅಂತ ಡಾಕ್ಟರ್‌ಗಳು ಅಂತಾರೆ, ಲಿವರಲ್ಲಿರೋ ವಿಟಮಿನ್ ಎ ಕಣ್ಣಿಗೆ ತಲುಪೋಕೆ ಇದು ಬೇಕೇ ಬೇಕು. ಎಳ್ಳು, ಕುಂಬಳದ ಬೀಜ, ಮಾಂಸ, ಕಾಳುಗಳಲ್ಲಿ ಇದೆ. ಕಾಳಲ್ಲಿರೋ ಫೈಟೇಟ್ ಅನ್ನೋ ವಸ್ತು ಸತುವನ್ನ ಹಿಡ್ಕೊಂಡು ಬಿಡಲ್ಲ, ಮೊಳಕೆ ಕಟ್ಟಿದ್ರೆ ಹಿಡಿತ ಸಡಿಲ ಆಗುತ್ತೆ. ಹುರುಳಿಕಾಳಿನ ಮೊಳಕೆ ಸಾರು ನಮ್ಮ ಕಡೆ ಎಲ್ಲರ ಮನೇಲೂ ಮಾಡೋದೇ, ಹೊಸದಾಗಿ ಕಲಿಯೋದೇನಿಲ್ಲ.

ಇಲ್ಲೊಂದು ಜನ ಗಮನಿಸದೇ ಇರೋದು: ಬಿ12. ಇದು ತೀರಾ ಕಮ್ಮಿ ಆದ್ರೆ ಕಣ್ಣಿನ ನರಕ್ಕೇ ಪೆಟ್ಟು. ಸೊಪ್ಪಲ್ಲಿ ಕಾಳಲ್ಲಿ ಇದು ಇಲ್ಲ, ಹಾಲು ಮೊಸರು ಮೊಟ್ಟೆ ಮೀನು ಮಾಂಸದಲ್ಲಿ ಮಾತ್ರ. ವಯಸ್ಸಾದ ಸಸ್ಯಾಹಾರಿಗಳು, ಅದರ ಜೊತೆ ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಳ್ತಿರೋರು, ಆ ಮಾತ್ರೆ ಬಿ12 ಕಮ್ಮಿ ಮಾಡುತ್ತೆ, ಇವರು ಒಂದು ಸಲ ರಕ್ತದಲ್ಲಿ ಬಿ12 ಚೆಕ್ ಮಾಡಿಸ್ಕೊಳಿ.

ಹಂತ 6: ಶುಗರ್ ಹಿಡಿತಕ್ಕೆ ತನ್ನಿ

ಸಕ್ಕರೆ ನಾಡಲ್ಲಿ ಕೂತು ಈ ಮಾತು ಹೇಳೋದು ಕಷ್ಟ, ಆದ್ರೂ ಹೇಳ್ಬೇಕು. ಮೇಲೆ ಬರೆದ ಐದು ಹಂತ ಪೂರ್ತಿ ಮಾಡಿ ಇದೊಂದನ್ನ ಬಿಟ್ರೆ, ಶುಗರ್ ಇರೋರ ಕಣ್ಣು ಉಳಿಯಲ್ಲ. ಸೊಪ್ಪು ಕೊಡೋ ಲಾಭಕ್ಕಿಂತ ಏರಿದ ಶುಗರ್ ಮಾಡೋ ನಷ್ಟ ದೊಡ್ಡದು.

ಬೆಲ್ಲ. "ನಾವು ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡೀತೀವಿ" ಅಂತ ಹೆಮ್ಮೆಯಿಂದ ಹೇಳ್ತಾರೆ. ಬೆಲ್ಲಾನೂ ಕಬ್ಬಿನ ಹಾಲೇ, ರಕ್ತಕ್ಕೆ ಹೋದ್ಮೇಲೆ ಎರಡೂ ಒಂದೇ. ಆಲೆಮನೆ ಬೆಲ್ಲ ಆಗ್ಲಿ, ಸಾವಯವ ಆಗ್ಲಿ.

ಮುದ್ದೆ. ರಾಗಿ ಒಳ್ಳೇದು, ನಾರಿದೆ, ಕ್ಯಾಲ್ಸಿಯಂ ಇದೆ, ಎಲ್ಲಾ ಸರಿ. ಆದ್ರೆ ರಾಗಿ ತಿಂದ್ರೆ ಶುಗರ್ ಏರಲ್ಲ ಅನ್ನೋದು ತಪ್ಪು, ರಾಗೀಲೂ ಹೆಚ್ಚಿನ ಪಾಲು ಪಿಷ್ಟಾನೇ. ಹೊಲದಲ್ಲಿ ಬೆಳಗಿಂದ ಬಗ್ಗಿ ದುಡೀತಿದ್ದ ಕಾಲದ ಮುದ್ದೆ ಗಾತ್ರ ಬೇರೆ, ಟೀವಿ ಮುಂದೆ ಕೂತಿರೋರ ಮುದ್ದೆ ಗಾತ್ರ ಬೇರೆ ಇರಬೇಕು. ನಿಮ್ಮ ಮುಷ್ಟಿ ಗಾತ್ರದ್ದು ಒಂದು, ಜೊತೆಗೆ ಅನ್ನ ಬೇಡ, ಎರಡರಲ್ಲಿ ಒಂದು ಆರಿಸ್ಕೊಳಿ. ರಾಗಿ ಗಂಜಿ ನೀರಾಗಿ ಕುಡಿಯೋದ್ರಿಂದ ಶುಗರ್ ಮುದ್ದೆಗಿಂತ ಬೇಗ ಏರುತ್ತೆ, ಶುಗರ್ ಇರೋರು ಬೆಳಗ್ಗೆ ದೊಡ್ಡ ಲೋಟ ಕುಡಿಯೋದು ಬಿಡಿ.

ತಿನ್ನೋ ಕ್ರಮ: ಮೊದಲು ಪಲ್ಯ ಕೋಸಂಬರಿ, ಆಮೇಲೆ ಕಾಳು ಮೊಟ್ಟೆ, ಕೊನೇಗೆ ಮುದ್ದೆ ಅನ್ನ. ಅದೇ ಊಟ, ಕ್ರಮ ಬದಲಾಯ್ಸಿದ್ರೆ ಶುಗರ್ ಏರೋದು ನಿಧಾನ ಆಗುತ್ತೆ. ಪಲ್ಯ ಮೊದಲು ಅಂತ ಆಗಲೇ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದು.

ಉಪ್ಪು. ಬೀಪಿ ಜಾಸ್ತಿ ಆದ್ರೆ ರೆಟಿನಾದ ರಕ್ತನಾಳಕ್ಕೂ ಹೊಡೆತ. ದಿನಕ್ಕೆ 5 ಗ್ರಾಂ ಉಪ್ಪು ಮಿತಿ, ಅಂದ್ರೆ ಒಂದು ಟೀ ಚಮಚ, ಅದರಲ್ಲೇ ಸಾರು ಪಲ್ಯ ಉಪ್ಪಿನಕಾಯಿ ಹಪ್ಪಳ ಎಲ್ಲಾ ಬರಬೇಕು. ಉಪ್ಸಾರಿನ ಖಾರಕ್ಕೆ ಹಾಕೋ ಉಪ್ಪಿನ ಮೇಲೆ ಒಂದು ಕಣ್ಣಿರಲಿ.

ಈಗ ಎಚ್ಚರಿಕೆ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಾ ಇರೋರು ಇದನ್ನ ಓದಿ ನಾಳೆಯಿಂದ್ಲೇ ಅನ್ನ ಮುದ್ದೆ ಅರ್ಧಕ್ಕರ್ಧ ಕಮ್ಮಿ ಮಾಡಬೇಡಿ, ಶುಗರ್ ತೀರಾ ಇಳಿದು ಬೆವರಿ ತಲೆ ಸುತ್ತಿ ಬೀಳ್ತೀರಿ. ಮಾತ್ರೆ ಡೋಸ್ ಡಾಕ್ಟರ್ ಹತ್ರ ಸರಿ ಮಾಡಿಸ್ಕೊಂಡು ನಿಧಾನಕ್ಕೆ ಇಳಿಸಿ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಬಹಳ ದಿನ ಏರಿದ್ದ ಶುಗರ್ ಒಂದೇ ಸಲ ವೇಗವಾಗಿ ಇಳಿದಾಗ ಮೊದಲೇ ಹಾಳಾಗಿರೋ ರೆಟಿನಾ ಸ್ವಲ್ಪ ಕಾಲ ಇನ್ನೂ ಕೆಡಬಹುದು. ಅದಕ್ಕೆ ಕಟ್ಟುನಿಟ್ಟಿನ ಪಥ್ಯ ಶುರು ಮಾಡೋ ಮುಂಚೆ ಕಣ್ಣು ತೋರಿಸಿ.

ಹಾಗೇ ಕನ್ನಡಕ. ಶುಗರ್ ಏರಿಳಿತ ಇದ್ದಾಗ ಕಣ್ಣಿನ ಲೆನ್ಸು ಊದಿ ಇಳಿದು ಪವರ್ ಬದಲಾಗ್ತಾ ಇರುತ್ತೆ. ನಮ್ಮ ಸಂಬಂಧಿಕರೊಬ್ರು ಆರು ತಿಂಗಳಲ್ಲಿ ಮೂರು ಕನ್ನಡಕ ಮಾಡಿಸಿದ್ರು, ಯಾವುದೂ ಸರಿ ಇಲ್ಲ ಅಂತ ಅಂಗಡಿಯವನ ಜೊತೆ ಜಗಳ ಬೇರೆ, ಕೊನೇಗೆ ನೋಡಿದ್ರೆ ಶುಗರ್ 300 ಮೇಲಿತ್ತು. ಶುಗರ್ ಕೆಲವು ವಾರ ಒಂದು ಮಟ್ಟಕ್ಕೆ ನಿಂತ ಮೇಲೆ ಕಣ್ಣು ಟೆಸ್ಟ್ ಮಾಡಿಸಿ ಕನ್ನಡಕ ಮಾಡಿಸಿ, ದುಡ್ಡು ಉಳಿಯುತ್ತೆ.

ಹಂತ 7: ಕಣ್ಣಿನ ಮಾತ್ರೆ ಡಬ್ಬಿ ಕೊಳ್ಳೋ ಮುಂಚೆ

ಅಮೆರಿಕದ ಸರ್ಕಾರಿ ಕಣ್ಣಿನ ಸಂಸ್ಥೆ ಏರೆಡ್ಸ್ ಅನ್ನೋ ಹೆಸರಲ್ಲಿ ದೊಡ್ಡ ಅಧ್ಯಯನ ಮಾಡ್ತು, ಮೊದಲನೇದರ ಫಲಿತಾಂಶ 2001ರಲ್ಲಿ ಬಂತು, ಎರಡನೇದು 2013ರಲ್ಲಿ. ಅಂಗಡೀಲಿ ಸಿಗೋ ಕಣ್ಣಿನ ಮಾತ್ರೆಗಳ ಹಿಂದೆ ಇರೋ ಕಥೆ ಇದೇ. ಈಗಿನ ಮಿಶ್ರಣ ಅಂದ್ರೆ ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಐಯು (ವಿಟಮಿನ್ ಅಳೆಯೋ ಒಂದು ಅಳತೆ), ಸತು 80 ಮಿಲಿಗ್ರಾಂ, ತಾಮ್ರ 2 ಮಿಲಿಗ್ರಾಂ, ಲ್ಯೂಟಿನ್ 10, ಜಿಯಾಕ್ಸಾಂಥಿನ್ 2. ಮ್ಯಾಕುಲಾ ಸವೆತ ಮಧ್ಯಮ ಹಂತಕ್ಕೆ ಬಂದಿರೋರಿಗೆ ಈ ಥರದ ಮಿಶ್ರಣದಿಂದ ಅದು ತೀವ್ರ ಆಗೋ ಅಪಾಯ ಸುಮಾರು ಶೇಕಡ 25ರಷ್ಟು ಕಮ್ಮಿ ಆಯ್ತು. ಆದ್ರೆ ಕಣ್ಣು ಚೆನ್ನಾಗಿರೋರಿಗೆ ಈ ಕಾಯಿಲೆ ಬರದ ಹಾಗೆ ತಡೆಯುತ್ತೆ ಅಂತ ಅದರಲ್ಲಿ ಸಾಬೀತಾಗಿಲ್ಲ. ಮೀನೆಣ್ಣೆ ಒಮೆಗಾ ಕ್ಯಾಪ್ಸೂಲ್ ಸೇರಿಸಿದ್ರೂ ಹೆಚ್ಚಿನ ಲಾಭ ಕಾಣಲಿಲ್ಲ, ಅದಕ್ಕೇ ಮೀನೇ ತಿನ್ನಿ ಅಂದಿದ್ದು.

ಅಂದ್ರೆ ಈ ಡಬ್ಬಿ ನಿಮಗೆ ಬೇಕಾ ಬೇಡ್ವಾ ಅಂತ ರೆಟಿನಾ ನೋಡಿದ ಡಾಕ್ಟರ್ ಮಾತ್ರ ಹೇಳೋಕೆ ಸಾಧ್ಯ, ಮೆಡಿಕಲ್ ಶಾಪ್ ಹುಡುಗ ಅಲ್ಲ.

ಬೀಡಿ ಸಿಗರೇಟು ಸೇದೋರು, ಸೇದಿ ಬಿಟ್ಟೋರು ಡಬ್ಬಿ ಹಿಂದೆ ಬೀಟಾ ಕೆರೊಟಿನ್ ಇದೆಯಾ ನೋಡಿ, ಇದ್ರೆ ಬೇಡ. ಮಾತ್ರೆ ರೂಪದ ಬೀಟಾ ಕೆರೊಟಿನ್ ಅವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಜಾಸ್ತಿ ಮಾಡುತ್ತೆ ಅಂತ ಗೊತ್ತಾದ ಮೇಲೆ ಹೊಸ ಮಿಶ್ರಣದಿಂದ ಅದನ್ನ ತೆಗೆದು ಲ್ಯೂಟಿನ್ ಹಾಕಿದ್ರು. ಕ್ಯಾರೆಟ್ ತಿಂದ್ರೆ ಈ ಭಯ ಇಲ್ಲ. ವಿಟಮಿನ್ ಎ ಕ್ಯಾಪ್ಸೂಲ್ ಸ್ವಂತಕ್ಕೆ ತಿಂಗಳುಗಟ್ಟಲೆ ನುಂಗಬೇಡಿ, ಅದು ಲಿವರಲ್ಲಿ ಶೇಖರ ಆಗಿ ವಿಷ ಆಗುತ್ತೆ.

ಅಂದಹಾಗೆ ಈ ಕ್ಯಾಪ್ಸೂಲಿನ ಲ್ಯೂಟಿನ್ ತೆಗೆಯೋದು ಚೆಂಡು ಹೂವಿನಿಂದ, ಗುಂಡ್ಲುಪೇಟೆ ರಸ್ತೇಲಿ ಹೋಗ್ತಾ ಎಲ್ಲರೂ ಇಳಿದು ಫೋಟೋ ತೆಗೆಸ್ಕೊಳ್ತಾರಲ್ಲ ಅದೇ ಹೂವು. ಹಾಗಂತ ಚೆಂಡು ಹೂವಿನ ಕಷಾಯ ಮಾಡ್ಕೊಂಡು ಕುಡೀಬೇಡಿ. ಕಣ್ಣಿಗೆ ನಂದಿಬಟ್ಟಲು ರಸ, ಜೇನು, ಈರುಳ್ಳಿ ರಸ, ಎದೆಹಾಲು ಹಾಕೋದನ್ನ ಇವತ್ತೇ ನಿಲ್ಸಿ, ಸೋಂಕಾಗಿ ಕಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾದ್ರೆ ಬಿಳೀ ಕಲೆ ಶಾಶ್ವತವಾಗಿ ಉಳಿಯುತ್ತೆ.

ಹಂತ 8: ಹೊಗೆ

ಮ್ಯಾಕುಲಾ ಸವೆತ, ಪೊರೆ ಎರಡಕ್ಕೂ ನಮ್ಮ ಕೈಲಿ ಬದಲಾಯ್ಸೋಕೆ ಆಗೋ ಕಾರಣಗಳಲ್ಲಿ ದೊಡ್ಡದು ಹೊಗೆಸೊಪ್ಪು ಸೇದೋದು. ಹುಣಸೂರು ಕಡೆಯ ಓದುಗರು ಬೈಕೋಬಹುದು, ಬೆಳೆಯೋದು ಬೇರೆ ವಿಷಯ, ಸೇದೋದು ಬಿಡಿ. ಸೌದೆ ಒಲೆ ಹೊಗೇಲಿ ಗಂಟೆಗಟ್ಟಲೆ ಕೂರೋ ಅಮ್ಮಂದಿರಿಗೂ ಪೊರೆ ಅಪಾಯ ಇದೆ, ಸಿಲಿಂಡರ್ ಇದ್ದೂ ನೀರೊಲೆ ಮುಂದೇನೇ ಕೂರೋದು ಬೇಡ.

ಹಂತ 9: ತಿಂಗಳಿಗೊಂದು ಸಲ ಮನೇಲೇ ಪರೀಕ್ಷೆ, ವರ್ಷಕ್ಕೊಂದು ಸಲ ಡಾಕ್ಟರ್

ಕನ್ನಡಕ ಹಾಕ್ಕೊಂಡು ಕಿಟಕಿ ಗ್ರಿಲ್ ಅಥವಾ ಬಚ್ಚಲು ಗೋಡೆಯ ಟೈಲ್ಸ್ ಗೆರೆ ನೋಡಿ. ಒಂದು ಕಣ್ಣನ್ನ ಅಂಗೈಯಿಂದ ಮುಚ್ಚಿ ಇನ್ನೊಂದರಲ್ಲಿ ಮಧ್ಯದ ಒಂದು ಚೌಕಾನೇ ದಿಟ್ಟಿಸಿ, ಆಮೇಲೆ ಕಣ್ಣು ಬದಲಾಯ್ಸಿ. ನೇರ ಗೆರೆ ಅಲೆ ಅಲೆಯಾಗಿ ಕಂಡ್ರೆ, ಮಧ್ಯ ಕಪ್ಪು ಚುಕ್ಕೆ ಇದ್ದ ಹಾಗೆ ಕಂಡ್ರೆ ಆ ವಾರದಲ್ಲೇ ಡಾಕ್ಟರ್ ಹತ್ರ ಹೋಗಿ. ಎರಡೂ ಕಣ್ಣು ತೆಗೆದು ನೋಡಿದ್ರೆ ಪ್ರಯೋಜನ ಇಲ್ಲ, ಒಳ್ಳೇ ಕಣ್ಣು ಕೆಟ್ಟ ಕಣ್ಣಿನ ದೋಷಾನ ಮುಚ್ಚಿಬಿಡುತ್ತೆ, ಜನ ತಿಂಗಳುಗಟ್ಟಲೆ ಗೊತ್ತಾಗದೇ ಇರೋದು ಇದಕ್ಕೇ.

ಕಣ್ಣ ಮುಂದೆ ಇದ್ದಕ್ಕಿದ್ದ ಹಾಗೆ ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಇಳಿದ ಹಾಗೆ ಆಗೋದು, ಒಂದು ಕಣ್ಣು ದಿಢೀರ್ ಕಾಣದೇ ಹೋಗೋದು, ಕಣ್ಣು ಕೆಂಪಾಗಿ ವಿಪರೀತ ನೋವು ವಾಂತಿ, ಇವುಗಳಲ್ಲಿ ಯಾವುದಾದ್ರೂ ಆದ್ರೆ ವಾರ ಅಲ್ಲ, ಅವತ್ತೇ ಹೋಗಿ, ಭಾನುವಾರ ಆದ್ರೂ ಎಮರ್ಜೆನ್ಸಿಗೆ.

ಶುಗರ್ ಇರೋರು ಏನೂ ತೊಂದ್ರೆ ಇಲ್ಲದಿದ್ರೂ ವರ್ಷಕ್ಕೊಂದು ಸಲ ರೆಟಿನಾ ತೋರಿಸ್ಬೇಕು, ಶುಗರ್ ಇದೆ ಅಂತ ಗೊತ್ತಾದ ಮೊದಲ ವರ್ಷದಿಂದ್ಲೇ. ಬರೀ ಅಕ್ಷರ ಓದಿಸಿ ಕನ್ನಡಕದ ನಂಬರ್ ಕೊಡೋ ಟೆಸ್ಟ್ ಅಲ್ಲ, "ಪಾಪೆ ದೊಡ್ಡದು ಮಾಡೋ ಡ್ರಾಪ್ಸ್ ಹಾಕಿ ಪರದೆ ನೋಡಿ" ಅಂತ ಬಾಯಿಬಿಟ್ಟು ಕೇಳಿ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಂಜಾಗಿರುತ್ತೆ, ಬಿಸಿಲು ಕಣ್ಣಿಗೆ ಚುಚ್ಚುತ್ತೆ. ಸ್ಕೂಟರ್ ಮನೇಲೇ ಬಿಟ್ಟು ಬಸ್ಸಲ್ಲಿ ಹೋಗಿ, ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಹೋಗಿ, ಒಂದು ಕೂಲಿಂಗ್ ಗ್ಲಾಸ್ ಇಲ್ಲಾ ಅಗಲ ಅಂಚಿನ ಟೋಪಿ ಬ್ಯಾಗಲ್ಲಿ ಇಟ್ಕೊಳಿ, ಅವತ್ತು ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಸಹಿ ಹಾಕೋ ಕೆಲಸ ಇಟ್ಕೋಬೇಡಿ.